ಮರುಹರಿವಿನ ಹೈಡ್ರೋಪೋನಿಕ್ಸ್ ಘಟಕದಲ್ಲಿ ಟ್ಯಾಂಕಿನ ನೀರಿನ ಮಟ್ಟ ಕಾಯುವ ಕ್ರಮ

ಹೈಡ್ರೋಪೋನಿಕ್ಸ್ ಎಂದರೆ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು. ಆ ನೀರನ್ನು, ಅಂದರೆ ಪೋಷಕ ದ್ರಾವಣವನ್ನು, ಪಂಪಿನಿಂದ ಎತ್ತಿ ಗಿಡಗಳಿರುವ ಉದ್ದನೆಯ ಚಾನೆಲ್‌ಗಳಲ್ಲಿ ಹರಿಸಿ, ಗಿಡ ಕುಡಿದು ಉಳಿದದ್ದನ್ನು ಅದೇ ಟ್ಯಾಂಕಿಗೆ ಇಳಿಸಿಕೊಳ್ಳುವ ಘಟಕದಲ್ಲಿ ನೀರಿನ ಮಟ್ಟ ಎರಡು ಬಗೆಯದು. ಪಂಪು ಓಡುತ್ತಿರುವಾಗ ಕಾಣುವ ಮಟ್ಟ ಒಂದು. ಪಂಪು ನಿಂತು, ಮೇಲಿದ್ದ ನೀರೆಲ್ಲ ಇಳಿದ ನಂತರ ಕಾಣುವ ಮಟ್ಟ ಇನ್ನೊಂದು. ಹೊಸದಾಗಿ ಘಟಕ ಹಾಕಿದವರು ಸಾಮಾನ್ಯವಾಗಿ ಇವೆರಡನ್ನು ಬೇರೆ ಬೇರೆಯಾಗಿ ಗಮನಿಸುವುದಿಲ್ಲ. ಟ್ಯಾಂಕು ಉಕ್ಕುವುದಕ್ಕೂ ದ್ರಾವಣ ಇದ್ದಕ್ಕಿದ್ದಂತೆ ತೆಳುವಾಗುವುದಕ್ಕೂ ಪಂಪು ಒಣಗಿ ಓಡುವುದಕ್ಕೂ ಬಹುಪಾಲು ಕಾರಣ ಇದೇ. ಚಿತ್ರದುರ್ಗ ಮತ್ತು ದಾವಣಗೆರೆಯ ಬಯಲಿನಲ್ಲಿ ಒಣಗಾಳಿ, ಗಡಸು ಕೊಳವೆಬಾವಿ ನೀರು ಮತ್ತು ಹೇಳದೆ ಹೋಗುವ ಕರೆಂಟು ಒಟ್ಟಿಗೆ ಸೇರುವುದರಿಂದ ಮಟ್ಟದ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು.

ವಿವರಣೆಗೆ ಒಂದು ಸಣ್ಣ ಘಟಕವನ್ನು ಇಟ್ಟುಕೊಳ್ಳೋಣ. ತಲಾ 10 ಮೀಟರ್ ಉದ್ದ, 10 ಸೆಂ.ಮೀ. ಅಗಲದ ಆರು ಚಾನೆಲ್‌ಗಳು, ಅವುಗಳಲ್ಲಿ ಸುಮಾರು 300 ಲೆಟ್ಯೂಸ್ ಗಿಡಗಳು, ಕೆಳಗೆ 80 ಸೆಂ.ಮೀ. ವ್ಯಾಸದ ದುಂಡನೆಯ 500 ಲೀಟರ್ ಟ್ಯಾಂಕು. ಇಂಥ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ ಸುಮಾರು 5 ಲೀಟರ್ ನೀರು ಹಿಡಿಯುತ್ತದೆ. ಟ್ಯಾಂಕಿನ ಗೋಡೆ ನೆಟ್ಟಗಿಲ್ಲದೆ ಕೆಳಗೆ ಕಿರಿದಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಆಗ 10 ಲೀಟರ್ ಬಕೆಟ್‌ನಿಂದ ಅಳೆದು ಸುರಿಯುತ್ತ, ಪ್ರತಿ ಬಕೆಟ್‌ಗೂ ಒಂದು ಗೆರೆ ಹಾಕಿಕೊಳ್ಳುವುದೇ ಸರಿ. ಅರ್ಧ ದಿನದ ಕೆಲಸ, ಆದರೆ ಆ ಟ್ಯಾಂಕು ಇರುವವರೆಗೂ ಅದರ ಪ್ರಯೋಜನವಿದೆ.

ಗೆರೆಗಳನ್ನು ಟ್ಯಾಂಕಿನ ಒಳಗೆ ಹಾಕಿದರೆ ದಿನವೂ ಮುಚ್ಚಳ ತೆರೆಯಬೇಕು, ಬೆಳಕು ಬೀಳುತ್ತದೆ, ಪಾಚಿ ಕಟ್ಟುತ್ತದೆ. ಅದಕ್ಕಿಂತ, ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ಒಂದು ತುಂಡನ್ನು ಟ್ಯಾಂಕಿನ ಬುಡದ ನಿಪ್ಪಲ್‌ಗೆ ಜೋಡಿಸಿ, ಹೊರಮೈಗೆ ನೆಟ್ಟಗೆ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸುವುದು ಅನುಕೂಲ. ಪೈಪಿನ ಮೇಲ್ತುದಿ ತೆರೆದಿರಬೇಕು, ಮತ್ತು ಅದು ಟ್ಯಾಂಕಿನ ಬಾಯಿಗಿಂತ ಎತ್ತರದಲ್ಲಿರಬೇಕು. ಪೈಪಿನೊಳಗೂ ಪಾಚಿ ಬರುತ್ತದೆಯಾದ್ದರಿಂದ ಅದರ ಮೇಲೆ ಕಪ್ಪು ರೆಕ್ಸಿನ್ನಿನ ಒಂದು ಪಟ್ಟಿಯನ್ನು ಇಳಿಬಿಟ್ಟು, ನೋಡುವಾಗ ಮಾತ್ರ ಸರಿಸಬೇಕು. ಪಂಪು ಓಡುವಾಗ ಪೈಪಿನ ನೀರು ಸಣ್ಣಗೆ ಏರಿಳಿಯುತ್ತದೆ. ಆ ಅಲುಗಾಟದ ನಡುವಿನ ಜಾಗವನ್ನೇ ಮಟ್ಟ ಎಂದು ಹಿಡಿಯಬೇಕು.

ಈಗ ಎರಡು ಮಟ್ಟಗಳನ್ನು ಗೊತ್ತುಪಡಿಸಿಕೊಳ್ಳುವ ಕೆಲಸ. ಚಾನೆಲ್‌ಗಳು ಖಾಲಿ ಇದ್ದಾಗ ಟ್ಯಾಂಕಿಗೆ 400 ಲೀಟರ್ ತುಂಬಿಸಿ ಗುರುತು ಹಾಕಬೇಕು. ನಂತರ ಪಂಪು ಹಾಕಿ, ಆರೂ ಚಾನೆಲ್‌ಗಳಿಂದ ನೀರು ಮರಳಿ ಬರತೊಡಗಿದ ಮೇಲೆ ಹತ್ತು ನಿಮಿಷ ಬಿಟ್ಟು ಎರಡನೆಯ ಗುರುತು ಹಾಕಬೇಕು. ಚಾನೆಲ್‌ನ ತಳದಲ್ಲಿ 3 ಮಿ.ಮೀ. ದಪ್ಪದ ನೀರು ಹರಿಯುತ್ತಿದ್ದರೆ ಆರು ಚಾನೆಲ್‌ಗಳಲ್ಲಿ 18 ಲೀಟರ್ ಇರುತ್ತದೆ. ಏರುವ ಪೈಪಿನಲ್ಲಿ ಇನ್ನೊಂದು ಏಳು ಲೀಟರ್ ಎಂದುಕೊಂಡರೆ ಒಟ್ಟು 25 ಲೀಟರ್. ಅಂದರೆ ಎರಡು ಗುರುತುಗಳ ನಡುವೆ ಸುಮಾರು 5 ಸೆಂ.ಮೀ. ಅಂತರ ಬರುತ್ತದೆ. ಈ ಅಂತರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಘಟಕದ ಆರೋಗ್ಯವನ್ನು ತಿಳಿಸುವುದು ಎರಡು ಮಟ್ಟಗಳಿಗಿಂತ ಹೆಚ್ಚಾಗಿ ಈ ಅಂತರವೇ.

ಗಿಡ ಬಲಿತಂತೆ ಬೇರು ಚಾನೆಲ್‌ನ ತಳದಲ್ಲಿ ಚಾಪೆಯಂತೆ ಹೆಣೆದುಕೊಂಡು ನೀರನ್ನು ತಡೆಯುತ್ತದೆ. ಆಗ ಪಂಪು ಓಡುವಾಗಿನ ಮಟ್ಟ ದಿನದಿಂದ ದಿನಕ್ಕೆ ತಗ್ಗುತ್ತದೆ, ಆದರೆ ಪಂಪು ನಿಲ್ಲಿಸಿ ಅರ್ಧ ಗಂಟೆ ಕಾದರೆ ನೀರು ನಿಧಾನವಾಗಿ ಮರಳಿ ಬಂದು ನಿಂತ ಮಟ್ಟ ಸರಿಯಾಗಿಯೇ ಇರುತ್ತದೆ. ಇದನ್ನು ತಿಳಿಯದೆ ನೀರು ಕಡಿಮೆಯಾಗಿದೆ ಎಂದು ಮೇಲೆ ಸುರಿದರೆ, ಕರೆಂಟು ಹೋದ ಕ್ಷಣ ಟ್ಯಾಂಕು ಉಕ್ಕಿ ಬೆಲೆಬಾಳುವ ದ್ರಾವಣ ನೆಲದ ಪಾಲಾಗುತ್ತದೆ. ಅಂತರ ಹೆಚ್ಚಿದರೆ ಮೊದಲು ಚಾನೆಲ್‌ಗಳ ಕೊನೆಯ ಮುಚ್ಚಳ ಬಿಚ್ಚಿ ಬೇರನ್ನು ನೋಡಬೇಕು. ಅಂತರ ಕಡಿಮೆಯಾಗಿದ್ದರೆ ಪಂಪು ಸೋತಿದೆ ಅಥವಾ ಫಿಲ್ಟರ್ ಕಟ್ಟಿಕೊಂಡಿದೆ ಎಂದರ್ಥ. ಪ್ರತಿ ಚಾನೆಲ್‌ಗೂ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಬರುತ್ತಿದೆಯೇ ಎಂದು ಲೀಟರ್ ಮಗ್ಗು ಹಿಡಿದು ನೋಡಿದರೆ ಖಚಿತವಾಗುತ್ತದೆ. ಎರಡೂ ಮಟ್ಟಗಳು ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಮಾತ್ರ ನೀರು ನಿಜವಾಗಿ ಖರ್ಚಾಗಿದೆ: ಗಿಡ ಕುಡಿದಿರಬೇಕು, ಇಲ್ಲವೇ ಸೋರಿರಬೇಕು.

ಇವೆರಡರಲ್ಲಿ ಯಾವುದು ಎಂದು ರಾತ್ರಿಯ ಅಳತೆ ಹೇಳುತ್ತದೆ. ಕತ್ತಲಾದ ಮೇಲೆ ಗಿಡ ಕುಡಿಯುವ ನೀರು ಹಗಲಿನ ಒಂದು ಸಣ್ಣ ಪಾಲು ಮಾತ್ರ. ಸಂಜೆ ಏಳಕ್ಕೆ ಒಮ್ಮೆ, ಬೆಳಗ್ಗೆ ಸೂರ್ಯ ಏರುವ ಮೊದಲು ಒಮ್ಮೆ ಮಟ್ಟ ಬರೆದುಕೊಂಡು, ರಾತ್ರಿಯ ಇಳಿತ ಹಗಲಿನ ಇಳಿತದ ಹತ್ತಿರಕ್ಕೆ ಬಂದಿದ್ದರೆ ಚಾನೆಲ್ ಜೋಡಣೆಗಳ ಕೆಳಗೆ ತೇವ ಹುಡುಕಬೇಕು. ಬಿಳಿಯ ಉಪ್ಪಿನ ಗೆರೆ ಕಂಡಲ್ಲಿ ಸೋರಿಕೆ ಇದ್ದೇ ಇರುತ್ತದೆ.

ಟ್ಯಾಂಕನ್ನು ಎಂದಿಗೂ ಕಂಠಪೂರ್ತಿ ತುಂಬಿಸಬಾರದು. ನಿಂತ ಮಟ್ಟದ ಮೇಲೆ, ಬೆಳೆದ ಬೇರಿನ ಹಿಂದೆ ನಿಲ್ಲುವ ನೀರನ್ನೂ ಲೆಕ್ಕ ಹಿಡಿದು, ಆರಂಭದ ಅಂತರದ ಎರಡು ಮೂರು ಪಟ್ಟು ಜಾಗ ಬಿಡಬೇಕು. ನಮ್ಮ ಉದಾಹರಣೆಯಲ್ಲಿ 10ರಿಂದ 15 ಸೆಂ.ಮೀ. ಅದರ ಮೇಲೊಂದು ಕೋಡಿ ಪೈಪು ಇರಲಿ, ಅದು ಚರಂಡಿಗೆ ಹೋಗದೆ ಪಕ್ಕದ ಡ್ರಮ್ಮಿಗೆ ಬೀಳಲಿ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ ಮತ್ತು ಸಂತೆಹೊಂಡಕ್ಕೆ ಇಳಿಯುವ ಏರ್ಪಾಟನ್ನು ನೋಡಿದವರಿಗೆ ಈ ಡ್ರಮ್ಮಿನ ಅಗತ್ಯವನ್ನು ಹೆಚ್ಚು ವಿವರಿಸಬೇಕಿಲ್ಲ. ಕೆಳಮಿತಿಯೂ ಅಷ್ಟೇ ಮುಖ್ಯ. ಪಂಪಿನ ಮೇಲೆ ಕನಿಷ್ಠ ಒಂದು ಗೇಣು ನೀರು ನಿಂತಿರಬೇಕು. ಅದಕ್ಕಿಂತ ತಗ್ಗಿದರೆ ಸುಳಿ ಕಟ್ಟಿ ಗಾಳಿ ಎಳೆಯುತ್ತದೆ, ಸಬ್‌ಮರ್ಸಿಬಲ್ ಪಂಪು ಬಿಸಿಯೇರಿ ಸುಡುತ್ತದೆ. ಆ ಎತ್ತರದಲ್ಲಿ ಪಂಪನ್ನು ತಾನಾಗಿ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿ, ಜೊತೆಗೆ ಗಂಟೆ ಬಾರಿಸುವಂತೆ ಮಾಡಿದರೆ ಸಾಕು. ದುಬಾರಿ ಸೆನ್ಸರುಗಳಿಗಿಂತ ಇದನ್ನೇ ಮೊದಲು ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಮುಚ್ಚಿದ ಟ್ಯಾಂಕಿನಲ್ಲಿ ಆವಿ ಹನಿಗಟ್ಟಿದರೆ ಅಲ್ಟ್ರಾಸಾನಿಕ್ ಸೆನ್ಸರು ತಪ್ಪು ಮಟ್ಟ ತೋರಿಸುವುದುಂಟು.

ನೀರು ತಾನಾಗಿ ತುಂಬಿಕೊಳ್ಳಲಿ ಎಂದು ಫ್ಲೋಟ್ ವಾಲ್ವ್ ಹಾಕುವವರು ಅದನ್ನು ಯಾವ ಮಟ್ಟಕ್ಕೆ ಕಟ್ಟುತ್ತೇವೆ ಎಂಬುದನ್ನು ಯೋಚಿಸಬೇಕು. ನಿಂತ ಮಟ್ಟಕ್ಕೆ ಕಟ್ಟಿದರೆ, ಪಂಪು ಶುರುವಾದಾಗ ಮಟ್ಟ ಇಳಿದು ವಾಲ್ವ್ ತೆರೆಯುತ್ತದೆ, 25 ಲೀಟರ್ ಸಾದಾ ನೀರು ಅನಗತ್ಯವಾಗಿ ಸೇರುತ್ತದೆ, ಪಂಪು ನಿಂತಾಗ ಮಟ್ಟ ಮಿತಿ ಮೀರುತ್ತದೆ. ವಾಲ್ವನ್ನು ಯಾವಾಗಲೂ ಓಡುವ ಮಟ್ಟಕ್ಕೇ ಕಟ್ಟಬೇಕು. ಇನ್ನೊಂದು ಎಚ್ಚರಿಕೆ: ವಾಲ್ವಿಗೆ ಕೊಳವೆಬಾವಿಯ ಅಥವಾ ನಲ್ಲಿಯ ಪೈಪನ್ನು ನೇರವಾಗಿ ಕೊಡಬಾರದು. ಗಡಸು ನೀರಿನ ಬಿಳಿ ಪೊರೆ ಕೀಲಿನಲ್ಲಿ ಕೂತು ವಾಲ್ವ್ ತೆರೆದೇ ಉಳಿದರೆ ರಾತ್ರಿಯಿಡೀ ನೀರು ಹರಿದು ದ್ರಾವಣವೆಲ್ಲ ಕೊಚ್ಚಿಹೋಗುತ್ತದೆ. ನಡುವೆ 100 ಲೀಟರಿನ ಒಂದು ಡ್ರಮ್ಮನ್ನು ಎತ್ತರದಲ್ಲಿಟ್ಟು, ಒಂದು ದಿನದ ನೀರನ್ನಷ್ಟೇ ಅದರಲ್ಲಿ ತುಂಬಿಸಿಟ್ಟರೆ, ವಾಲ್ವ್ ಕೆಟ್ಟರೂ ಹಾನಿ ಆ 100 ಲೀಟರಿಗೆ ನಿಲ್ಲುತ್ತದೆ. ಕೀಲನ್ನು ಆಗಾಗ ಬಿಚ್ಚಿ ನಿಂಬೆಹುಳಿಯಲ್ಲಿ ನೆನೆಸಿ ಉಜ್ಜಬೇಕು.

ಎಷ್ಟು ಇಳಿದಿದೆ ಎಂದು ತಿಳಿದ ಮೇಲೆ ಏನನ್ನು ತುಂಬಬೇಕು ಎಂಬ ಪ್ರಶ್ನೆ. ಇದಕ್ಕೆ ಮಟ್ಟದ ಜೊತೆಗೇ ಇ.ಸಿ. ಮೀಟರಿನ ಅಂಕಿಯನ್ನೂ ಓದಬೇಕು. ಇ.ಸಿ. ಎಂದರೆ ದ್ರಾವಣದ ವಿದ್ಯುತ್ ವಾಹಕತೆ; ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅದು ಏರುತ್ತದೆ (ಇಲ್ಲಿನ ಅಂಕಿಗಳು ಸೆಂ.ಮೀ.ಗೆ ಮಿಲಿಸೀಮೆನ್ಸ್ ಲೆಕ್ಕದಲ್ಲಿ). ಮಟ್ಟ ಇಳಿದು ಇ.ಸಿ. ಏರಿದ್ದರೆ ಗಿಡ ಗೊಬ್ಬರಕ್ಕಿಂತ ನೀರನ್ನು ಹೆಚ್ಚು ಕುಡಿದಿದೆ, ಸಾದಾ ನೀರು ಸಾಕು. ಎರಡೂ ಇಳಿದಿದ್ದರೆ ಪೋಷಕ ದ್ರಾವಣವನ್ನೇ ಸೇರಿಸಬೇಕು. ಲೆಟ್ಯೂಸಿಗೆ 1.2ರಿಂದ 1.8ರ ನಡುವಿನ ಇ.ಸಿ., 5.5ರಿಂದ 6.5ರ ನಡುವಿನ ಪಿ.ಎಚ್. ಹಿತ. ಏಪ್ರಿಲ್ ತಿಂಗಳ ಒಣಗಾಳಿಯ ದಿನ 1.6 ಇ.ಸಿ. ಇದ್ದ 400 ಲೀಟರಿನಲ್ಲಿ 80 ಲೀಟರ್ ಇಳಿಯಿತು, ಗಿಡ ಕುಡಿದದ್ದು ಬರಿಯ ನೀರು ಎಂದುಕೊಂಡರೆ ಉಳಿದ 320 ಲೀಟರಿನ ಇ.ಸಿ. 2.0 ಆಗುತ್ತದೆ. ಮಳೆನೀರು ತುಂಬಿದರೆ ಮತ್ತೆ 1.6ಕ್ಕೆ ಬರುತ್ತದೆ. ಆದರೆ 0.9 ಇ.ಸಿ. ಇರುವ ಕೊಳವೆಬಾವಿ ನೀರು ತುಂಬಿದರೆ 1.78ಕ್ಕೆ ನಿಲ್ಲುತ್ತದೆ. ಈ ಹೆಚ್ಚುವರಿ 0.18 ಗೊಬ್ಬರವಲ್ಲ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡು, ಬೈಕಾರ್ಬನೇಟು. ಮೊದಲೆರಡನ್ನು ಗಿಡ ಅಷ್ಟಿಷ್ಟು ಬಳಸಿಕೊಳ್ಳುತ್ತದೆ, ಸೋಡಿಯಂ ಮಾತ್ರ ಪ್ರತಿ ಸಲವೂ ಟ್ಯಾಂಕಿನಲ್ಲೇ ಕೂಡುತ್ತ ಹೋಗುತ್ತದೆ. ಮೀಟರು 1.8 ಎಂದು ತೋರಿಸುತ್ತಿದ್ದರೂ ಅದರಲ್ಲಿ ಗಿಡದ ಆಹಾರ ಎಷ್ಟು, ಬರಿಯ ಉಪ್ಪು ಎಷ್ಟು ಎಂದು ಮೀಟರು ಹೇಳುವುದಿಲ್ಲ.

ಆದ್ದರಿಂದ ಸುರಿದ ನೀರಿನ ಲೆಕ್ಕವನ್ನು ಲೀಟರುಗಳಲ್ಲಿ ಬರೆಯುತ್ತ ಹೋಗಬೇಕು. ಕೊಳವೆಬಾವಿ ನೀರಾದರೆ, ಸೇರಿಸಿದ ಒಟ್ಟು ನೀರು ಟ್ಯಾಂಕಿನ ಮೊದಲ ಪ್ರಮಾಣಕ್ಕೆ, ಅಂದರೆ 400 ಲೀಟರಿಗೆ, ಸಮನಾದಾಗ ದ್ರಾವಣವನ್ನು ಪೂರ್ತಿ ಬದಲಿಸುವುದು ಕ್ಷೇಮ. ಬೈಕಾರ್ಬನೇಟು ಪಿ.ಎಚ್. ಏರಿಸುವುದರಿಂದ, ಮೇಲಿನ ಡ್ರಮ್ಮಿನ ನೀರನ್ನೇ ಮೊದಲು ಫಾಸ್ಫಾರಿಕ್ ಆಮ್ಲದಿಂದ 6ರ ಆಸುಪಾಸಿಗೆ ತಂದಿಟ್ಟರೆ ಟ್ಯಾಂಕಿನಲ್ಲಿ ಏರುಪೇರು ಕಡಿಮೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಘಟಕ ಹಾಕುವ ಮೊದಲೇ ನೀರಿನ ಪರೀಕ್ಷೆ ಮಾಡಿಸಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಈ ಬಗ್ಗೆ ವಿಚಾರಿಸಬಹುದು. ಭದ್ರಾ ನಾಲೆಯ ನೀರು ಸಿಗುವವರಿಗೆ ಉಪ್ಪಿನ ಕಾಟ ಸಾಮಾನ್ಯವಾಗಿ ಕಡಿಮೆ, ಆದರೆ ಹೂಳು ತಿಳಿಯಾಗಲು ಬಿಟ್ಟು ಸೋಸಿ ಬಳಸಬೇಕು. ಪಾಲಿಹೌಸಿನ ಚಾವಣಿಯಿಂದ ಮಳೆನೀರು ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು: 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್, ಪೋಲು ಕಳೆದರೂ 800 ಲೀಟರ್ ಕೈಗೆ ಸಿಗುತ್ತದೆ. ಅದು ಈ ಘಟಕಕ್ಕೆ ಕಡು ಬೇಸಿಗೆಯಲ್ಲೂ ಹತ್ತು ದಿನದ ನೀರು.

ಬೇಸಿಗೆಯಲ್ಲಿ ಮಟ್ಟವನ್ನು ಮಧ್ಯಾಹ್ನಕ್ಕೆ ಮೊದಲೇ ಸರಿಮಾಡುವುದು ಲೇಸು. ಕಡಿಮೆ ನೀರು ಬೇಗ ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ, ಬೇರುಕೊಳೆಗೆ ದಾರಿಯಾಗುತ್ತದೆ. ಟ್ಯಾಂಕನ್ನು ಅರ್ಧದಷ್ಟು ನೆಲದಲ್ಲಿ ಹೂತು, ಉಳಿದರ್ಧಕ್ಕೆ ನೆರಳು ಕೊಟ್ಟರೆ ದ್ರಾವಣ ತಂಪಾಗಿರುತ್ತದೆ. ಮೂರು ಫೇಸ್ ಕರೆಂಟನ್ನು ನಂಬಿ ಇಂಥ ಪಂಪನ್ನು ಓಡಿಸಬಾರದು; ಚಾನೆಲ್‌ನ ತೆಳು ನೀರು ನಿಂತರೆ ಬಿಸಿಲಿನ ಹೊತ್ತಿನಲ್ಲಿ ಗಿಡ ಬಾಡಲು ಹೆಚ್ಚು ಸಮಯ ಬೇಕಿಲ್ಲ. ಸಿಂಗಲ್ ಫೇಸ್‌ನಲ್ಲಿ ಓಡುವ ಸಣ್ಣ ಪಂಪು, ಅದಕ್ಕೊಂದು ಇನ್ವರ್ಟರ್ ಇರಬೇಕು.

ಬದಲಿಸಿ ತೆಗೆದ ಹಳೆಯ ದ್ರಾವಣವನ್ನು ಚರಂಡಿಗೆ ಅಥವಾ ಬಾವಿಯ ಬಳಿ ಚೆಲ್ಲಬಾರದು. ಎರಡರಷ್ಟು ನೀರು ಬೆರೆಸಿ ತೆಂಗಿನ ಪಾತಿಗೋ ಅಡಿಕೆ ತೋಟಕ್ಕೋ ಹಾಯಿಸಬಹುದು, ಒಂದೇ ಮರದ ಬುಡಕ್ಕೆ ಪದೇ ಪದೇ ಸುರಿಯದೆ ಸರದಿಯ ಮೇಲೆ ಬೇರೆ ಬೇರೆ ಮರಗಳಿಗೆ ಕೊಡಬೇಕು.