ಚೌಕಾಬಾರ: ಗರಕ್ಕೆ ಅದೃಷ್ಟ, ಕಾಯಿಗೆ ಲೆಕ್ಕ

ಚೌಕಾಬಾರದಲ್ಲಿ ಸೋತವರು ಹಣೆಬರಹ ಹಳಿಯುತ್ತಾರೆ, ಗೆದ್ದವರು ಕೈಗುಣ ಅನ್ನುತ್ತಾರೆ. ಆದರೆ ನಾಲ್ಕು ಕವಡೆಯ ಆಟದಲ್ಲಿ ಅದೃಷ್ಟದ ಪಾಲನ್ನು ಬೆರಳೆಣಿಕೆಯಲ್ಲೇ ಲೆಕ್ಕ ಹಾಕಬಹುದು. ಲೆಕ್ಕ ಗೊತ್ತಿದ್ದವರು ಕಾಯಿ ನಿಲ್ಲಿಸುವ ಜಾಗವೇ ಬೇರೆ.

ಮೊದಲು ಕವಡೆ ನೋಡಿಕೊಳ್ಳಿ. ನಾಲ್ಕನ್ನೂ ಒಟ್ಟಿಗೆ 50 ಸಲ ಹಾಕಿ, ಬಾಯಿ ಮೇಲಾಗಿ ಬಿದ್ದವನ್ನೆಲ್ಲ ಕೂಡಿ. ಮೊತ್ತ 86ರಿಂದ 114ರ ಒಳಗಿದ್ದರೆ ಆಡಬಹುದು. ಹೊರಗೆ ಹೋದರೆ ಒಂದೊಂದನ್ನೇ ಹಾಕಿ, ವಾಲುವ ಕವಡೆ ಬದಲಿಸಿ. ಸಣ್ಣ ವಾಲಿಕೆಯೂ ಆಟ ಕೆಡಿಸುತ್ತದೆ: ನಾಲ್ಕೂ ಕವಡೆ 100ಕ್ಕೆ 60 ಸಲ ಬೋರಲು ಬೀಳುವಂಥವಾದರೆ, 100 ಗರಕ್ಕೆ (ಕವಡೆ ಎಸೆತಕ್ಕೆ) 6 ಸಲ ಬೀಳಬೇಕಾದ ಬಾರ, ಅಂದರೆ ನಾಲ್ಕೂ ಬೋರಲು, 13 ಸಲ ಬೀಳುತ್ತದೆ. ಚಾಪೆ, ಜಮಖಾನ ಬೇಡ, ಕವಡೆ ಓರೆಯಾಗಿ ನಿಂತು ಜಗಳವಾಗುತ್ತದೆ. ಗಟ್ಟಿ ನೆಲದ ಮೇಲೆ ಹಾಕಿ. ಹುಣಸೆ ಬೀಜವಾದರೆ ನಾಲ್ಕನ್ನೂ ಒಂದೇ ದಪ್ಪಕ್ಕೆ ತೇಯ್ದಿರಬೇಕು.

ಸರಿಯಾದ ಕವಡೆಯಲ್ಲಿ 16 ಗರಕ್ಕೆ ಸರಾಸರಿ ಎರಡು (ಎರಡು ಕವಡೆ ಬಾಯಿ ಮೇಲೆ) 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ (ನಾಲ್ಕೂ ಬಾಯಿ ಮೇಲೆ) 1 ಸಲ, ಬಾರ 1 ಸಲ. (ಎಲ್ಲ ಬೋರಲು ಬಿದ್ದರೆ ಎಂಟು ಅನ್ನುವ ಪದ್ಧತಿ ಇಲ್ಲಿನದು.) ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ. 25 ಮನೆಯ ಹಾಸಿನಲ್ಲಿ ಒಂದು ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, 24 ಮನೆ ನಡೆಯಬೇಕು.

ಆಟದ ಜೀವಾಳ ಇರುವುದು ಕಾಯಿ ನಿಲ್ಲಿಸುವುದರಲ್ಲಿ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಏಟು ಬೀಳುವ ಸಾಧ್ಯತೆ 16ಕ್ಕೆ 6, ಅದಕ್ಕಿಂತ ಕೆಟ್ಟ ಜಾಗವಿಲ್ಲ. ಒಂದು ಅಥವಾ ಮೂರು ಮನೆ ಮುಂದೆ ಇದ್ದರೆ 16ಕ್ಕೆ 4. ನಾಲ್ಕು ಮನೆ ಮುಂದೆ ಹೋದಿರೋ, 16ಕ್ಕೆ ಒಂದೇ. ಐದು, ಆರು, ಏಳು ಇನ್ನೂ ಕ್ಷೇಮ: ಅಲ್ಲಿಗೆ ಬರಲು ಮೊದಲು ಚೌಕ ಬಿದ್ದು, ಅದರಿಂದ ಸಿಗುವ ಮರುಗರದಲ್ಲಿ ಸರಿಯಾದ ಸಂಖ್ಯೆಯೇ ಬೀಳಬೇಕು. ಆರರ ಸಾಧ್ಯತೆ 256ಕ್ಕೆ 6, ಐದು ಮತ್ತು ಏಳರದ್ದು 256ಕ್ಕೆ 4. ಎಂಟನೆಯ ಮನೆಯಲ್ಲಿ ಮತ್ತೆ ಬಾರ ಬೀಳುವ ಭಯ. ಕಟ್ಟೆ (ಏಟು ಬೀಳದ ಮನೆ) ಸಿಗದಿದ್ದಾಗ ಐದರಿಂದ ಏಳರ ನಡುವೆ ಜಾಗ ಹುಡುಕಿ. ನಿಮ್ಮ ಕಾಯಿಯ ಹಿಂದೆ ಎದುರಾಳಿಯ ಎರಡು ಕಾಯಿಗಳಿದ್ದು, ಒಂದಕ್ಕೆ ಒಂದು ಮನೆ, ಇನ್ನೊಂದಕ್ಕೆ ಎರಡು ಮನೆ ದೂರದಲ್ಲಿದ್ದರೆ 16ಕ್ಕೆ 10. ಬೇರೆಲ್ಲ ಬಿಟ್ಟು ಆ ಕಾಯಿಯನ್ನು ಮೊದಲು ಎಬ್ಬಿಸಿ.

ತುಂಬಾ ಜನ ಎಡವುವುದು ಒಂದು ನಂಬಿಕೆಯಲ್ಲಿ: ಇಷ್ಟು ಹೊತ್ತಾದರೂ ಬಾರ ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತದೆ ಅಂತ. ಕವಡೆಗೆ ನೆನಪಿಲ್ಲ. ಸತತ 16 ಗರ ಹಾಕಿದರೂ ಬಾರ ಒಮ್ಮೆಯೂ ಬೀಳದಿರುವ ಸಾಧ್ಯತೆ 100ಕ್ಕೆ ಸುಮಾರು 36. ಬಾರ ನೆಚ್ಚಿಕೊಂಡು ಕಾಯಿಯನ್ನು ಬಯಲಲ್ಲಿ ಬಿಡಬೇಡಿ.

ಮೂರು ಸಲ ಸತತವಾಗಿ ಚೌಕ ಅಥವಾ ಬಾರ ಬಿದ್ದರೆ ಗರ ರದ್ದೇ, ಎದುರಾಳಿಯ ಒಂದು ಕಾಯಿಯನ್ನೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ ಎಂಬುದನ್ನು ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ, ಒಂದೊಂದು ಮನೆಯಲ್ಲಿ ಒಂದೊಂದು ರೂಢಿ.

ಹಣ್ಣಿಗೆ ಎರಡು ಮನೆ ಉಳಿದಾಗ ಒಂದು ಬಿದ್ದರೆ ಆ ಕಾಯಿ ಮುಟ್ಟಬೇಡಿ, ಬೇರೆ ಕಾಯಿ ನಡೆಸಿ. ಎರಡಕ್ಕಾಗಿ ಕಾಯುವಾಗ 16ಕ್ಕೆ 6 ಅವಕಾಶ, ಒಂದು ಮನೆ ಉಳಿದರೆ 4 ಮಾತ್ರ.