ಹೆಸರು ಬೇರೆ, ವಿಳಾಸ ಬೇರೆ: ಕೋಡ್‌ಇಗ್ನೈಟರ್‌ಗೆ ಫ್ಲೈಸಿಸ್ಟಮ್ ಜೋಡಿಸಿದ ನನ್ನ ಅನುಭವ

ನವೆಂಬರ್ 1ರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ವೆಬ್‌ಸೈಟಿಗೆ ಯಾರಿಗೂ ಲಾಗಿನ್ ಆಗಲು ಆಗುತ್ತಿರಲಿಲ್ಲ. ಪಾಸ್‌ವರ್ಡ್ ಸರಿಯಿತ್ತು. ಡೇಟಾಬೇಸ್ ಓಡುತ್ತಿತ್ತು. ಲಾಗ್ ನೋಡೋಣ ಎಂದರೆ ಅವತ್ತಿನ ಲಾಗ್ ಫೈಲೇ ಇಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ಸರ್ವರ್ ಒಳಗೆ ಹೋಗಿ ನೋಡಿದೆ. ಡಿಸ್ಕ್ 100 ಪರ್ಸೆಂಟ್ ತುಂಬಿತ್ತು.

ನಮ್ಮ ಸೈಟ್ ಕಟ್ಟಿರುವುದು ಕೋಡ್‌ಇಗ್ನೈಟರ್ 4 ಎಂಬ ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ. ಅದರಲ್ಲಿ ಅಪ್‌ಲೋಡ್, ಲಾಗ್, ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬ ದಾಖಲೆ) ಮೂರೂ ನಾವಾಗಿ ಬದಲಿಸದಿದ್ದರೆ 'ರೈಟೆಬಲ್' ಎಂಬ ಒಂದೇ ಫೋಲ್ಡರಿನ ಕೆಳಗೆ ಬರುತ್ತವೆ. ಹಿಂದಿನ ರಾತ್ರಿ ಯಾರೋ ಯಕ್ಷಗಾನದ ಫೋಟೋಗಳನ್ನು ಒಟ್ಟಿಗೆ ಏರಿಸಿದ್ದರು. ಅವು ಉಳಿದಿದ್ದ ಜಾಗವನ್ನೆಲ್ಲ ತಿಂದವು. ಸೆಷನ್ ಬರೆಯಲು ಜಾಗವಿಲ್ಲ, ಹಾಗಾಗಿ ಲಾಗಿನ್ ಇಲ್ಲ. ಲಾಗ್ ಬರೆಯಲೂ ಜಾಗವಿಲ್ಲ, ಹಾಗಾಗಿ ಕಾರಣವೂ ಗೊತ್ತಾಗಲಿಲ್ಲ. ರಾಜ್ಯೋತ್ಸವದ ದಿನ ಜನ ಹಳೆಯ ಸ್ಮರಣ ಸಂಚಿಕೆ ನೋಡಲು ಬರುತ್ತಾರೆ. ಅವತ್ತೇ ಹೀಗಾಯಿತಲ್ಲ ಎಂದು ನನಗೆ ತುಂಬಾ ಬೇಜಾರಾಯಿತು.

ಈ ಸೈಟ್ ನನ್ನ ಭಾನುವಾರದ ಕೆಲಸ. ವಾರವಿಡೀ ಠಾಣೆಯಲ್ಲಿ ಟ್ರೇನ್ ಬದಲಿಸಿ ಐರೋಲಿಯ ಆಫೀಸಿಗೆ ಹೋಗುತ್ತೇನೆ. ಉಳಿದ ಹೊತ್ತಿನಲ್ಲಿ ಸಂಘದ ಹಿರಿಯರು ಸ್ಕ್ಯಾನ್ ಮಾಡಿಸಿ ಕೊಟ್ಟ ಸಂಚಿಕೆಗಳು, ನಾಟಕದ ಫೋಟೋಗಳು, ಭಾಷಣದ ಆಡಿಯೋಗಳನ್ನು ಜೋಡಿಸಿ ಇಡುತ್ತೇನೆ. ಮುಂಬೈಗೆ ಬಂದು ಹೋಟೆಲ್, ಮಿಲ್, ಬ್ಯಾಂಕುಗಳಲ್ಲಿ ದುಡಿದವರ ಬದುಕು ಆ ಫೈಲುಗಳಲ್ಲಿದೆ. ಬೇರೆ ಕಡೆ ಅವುಗಳ ಇನ್ನೊಂದು ಪ್ರತಿ ಸಿಗುವುದಿಲ್ಲ.

ಸುಮ್ನೆ ದೊಡ್ಡ ಡಿಸ್ಕ್ ತೆಗೆದುಕೊಳ್ಳಬಹುದಿತ್ತು. ಆದರೆ ಅದೂ ಒಂದು ದಿನ ತುಂಬುತ್ತದೆ. ಫೈಲುಗಳನ್ನೇ ಸರ್ವರಿನಿಂದ ಹೊರಗೆ, ಅಮೆಜಾನಿನ ಆನ್‌ಲೈನ್ ಸಂಗ್ರಹ ಸೇವೆಯಾದ ಎಸ್3ಯಲ್ಲಿ ಇಡೋಣ ಎಂದುಕೊಂಡೆ. 2016ರಿಂದ ಅದಕ್ಕೆ ಮುಂಬೈ ರೀಜನ್ (ಇಲ್ಲಿನದೇ ಡೇಟಾ ಸೆಂಟರ್‌ಗಳು) ಇದೆ. ಕೋಡ್ ತೆರೆದಾಗಲೇ ನಿಜವಾದ ತೊಡಕು ಕಂಡಿದ್ದು. ಅಪ್‌ಲೋಡ್ ಫೋಲ್ಡರಿನ ದಾರಿಯನ್ನು ನಾನು 11 ಕಡೆ ಕೈಯಾರೆ ಬರೆದಿದ್ದೆ. ಒಂದು ಕಡೆ ಫೋಲ್ಡರ್ ಮಾಡುವುದು, ಇನ್ನೊಂದು ಕಡೆ ಅಳಿಸುವುದು, ಮತ್ತೊಂದು ಕಡೆ ಫೈಲ್ ಇದೆಯಾ ಎಂದು ನೋಡುವುದು. ಎಸ್3ಯ ಕೋಡನ್ನೂ ಹೀಗೇ 11 ಕಡೆ ಬರೆದರೆ ಮುಂದಿನ ಸಲ ಮತ್ತೆ ಇದೇ ಪಾಡು.

ಅದನ್ನು ತಪ್ಪಿಸಲು ಫ್ಲೈಸಿಸ್ಟಮ್ ಹಿಡಿದೆ. ಅದರ ಹೆಸರು ಲಾರಾವೆಲ್ ಎಂಬ ಇನ್ನೊಂದು ಪಿಎಚ್‌ಪಿ ಫ್ರೇಮ್‌ವರ್ಕ್ ಬಳಸುವವರಿಗೆ ಪರಿಚಯ. ಫ್ರಾಂಕ್ ಡಿ ಯೊಂಗ್ ಬರೆದ ಪಿಎಚ್‌ಪಿ ಲೈಬ್ರರಿ ಅದು. ಲಾರಾವೆಲ್‌ನ ಫೈಲ್ ಸ್ಟೋರೇಜ್ ಅದರ ಮೇಲೇ ನಿಂತಿದೆ. ಬರೆ, ಓದು, ಅಳಿಸು, ಪಟ್ಟಿ ಕೊಡು ಎಂದು ನಾವು ಹೇಳುವುದು ಒಂದೇ ರೀತಿ. ಕೆಳಗೆ ಲೋಕಲ್ ಡಿಸ್ಕ್ ಇದೆಯೋ, ಎಸ್3 ಇದೆಯೋ, ಅದನ್ನು ಅಡಾಪ್ಟರ್ ನೋಡಿಕೊಳ್ಳುತ್ತದೆ. ಕೋಡ್‌ಇಗ್ನೈಟರ್ ಜೊತೆ ಇದು ಬರುವುದಿಲ್ಲ. ನಾವೇ ಜೋಡಿಸಬೇಕು.

ಜೋಡಿಸುವ ಕೆಲಸ ಒಂದು ಮಧ್ಯಾಹ್ನದ್ದು. ಪಿಎಚ್‌ಪಿ ಲೈಬ್ರರಿಗಳನ್ನು ತಂದುಕೊಡುವ ಕಂಪೋಸರ್‌ನಿಂದ ಫ್ಲೈಸಿಸ್ಟಮ್ 3 ಮತ್ತು ಅದರ ಎಸ್3 ಅಡಾಪ್ಟರ್ ತಂದೆ. ಕಾನ್ಫಿಗ್ ಫೋಲ್ಡರಿನಲ್ಲಿ 'ಸ್ಟೋರೇಜ್' ಎಂಬ ಕ್ಲಾಸ್ ಮಾಡಿದೆ. ಅದರಲ್ಲಿ ಡ್ರೈವರ್, ಬಕೆಟ್ (ಎಸ್3ಯಲ್ಲಿ ಫೈಲು ಇಡುವ ಜಾಗ), ರೀಜನ್ ಎಂಬ ಪ್ರಾಪರ್ಟಿಗಳು. ಬೇಸ್‌ಕಾನ್ಫಿಗ್‌ನಿಂದ ಇಳಿದ ಕ್ಲಾಸ್ ಆದ್ದರಿಂದ ಸೆಟ್ಟಿಂಗ್‌ಗಳಿರುವ ಎನ್ವ್ ಫೈಲಿನಲ್ಲಿ ಕ್ಲಾಸಿನ ಹೆಸರು, ಚುಕ್ಕೆ, ಪ್ರಾಪರ್ಟಿಯ ಹೆಸರು ಬರೆದರೆ ಅದರ ಮೌಲ್ಯ ತಾನಾಗಿ ಬಂದು ಕೂರುತ್ತದೆ. ಆಮೇಲೆ ಬೇಕಾದ ಆಬ್ಜೆಕ್ಟುಗಳನ್ನು ಕಟ್ಟಿಕೊಡುವ ಸರ್ವಿಸಸ್ ಕ್ಲಾಸಿನಲ್ಲಿ ಒಂದು ಸ್ಟ್ಯಾಟಿಕ್ ಮೆಥಡ್. ಡ್ರೈವರ್ ನೋಡಿ ಲೋಕಲ್ ಅಥವಾ ಎಸ್3 ಅಡಾಪ್ಟರ್ ಕಟ್ಟುತ್ತದೆ, ಅದನ್ನು ಫೈಲ್‌ಸಿಸ್ಟಮ್ ಆಬ್ಜೆಕ್ಟಿನೊಳಗೆ ಇಟ್ಟು ಕೊಡುತ್ತದೆ. ಆ ಮೆಥಡ್ ಕೊಡುವುದು 'ಫೈಲ್‌ಸಿಸ್ಟಮ್ ಆಪರೇಟರ್' ಎಂಬ ಇಂಟರ್‌ಫೇಸ್ ಎಂದು ಟೈಪ್ ಬರೆದುಬಿಡಿ. ಆಗ ಮೇಲಿನ ಯಾವ ಕೋಡಿಗೂ ಕೆಳಗೇನಿದೆ ಎಂದು ತಿಳಿಯುವುದಿಲ್ಲ, ತಿಳಿಯುವ ಅಗತ್ಯವೂ ಇಲ್ಲ.

ಅಪ್‌ಲೋಡ್ ಆದ ಫೈಲನ್ನು ಮೂವ್ ಮಾಡುತ್ತಿದ್ದ ಕಡೆ ಈಗ ಅದರ ತಾತ್ಕಾಲಿಕ ಫೈಲನ್ನು ತೆರೆದು ಸ್ಟ್ರೀಮ್ ಆಗಿ, ಅಂದರೆ ತುಣುಕು ತುಣುಕಾಗಿ ಬರೆಯುತ್ತೇನೆ. ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಂಡರೆ 80 ಎಂಬಿ ಪಿಡಿಎಫ್‌ಗೆ ಸಣ್ಣ ಸರ್ವರಿಗೆ ಉಸಿರುಗಟ್ಟುತ್ತದೆ. ಬರೆದ ಮೇಲೆ ಸ್ಟ್ರೀಮ್ ಮುಚ್ಚುವಾಗ ಒಂದು ಎಚ್ಚರ ಬೇಕು. ಎಸ್3 ಅಡಾಪ್ಟರಿನ ಕೆಳಗಿರುವ ಲೈಬ್ರರಿ ಕೆಲವೊಮ್ಮೆ ಅದನ್ನು ತಾನೇ ಮುಚ್ಚಿರುತ್ತದೆ. ಮುಚ್ಚಿದ್ದನ್ನು ಮತ್ತೆ ಮುಚ್ಚಲು ಹೋದರೆ ಪಿಎಚ್‌ಪಿ 8 ಟೈಪ್‌ಎರರ್ ಎಸೆಯುತ್ತದೆ. ಅದು ಇನ್ನೂ ರಿಸೋರ್ಸ್ ಆಗಿದೆಯಾ ಎಂದು ಕೇಳಿ ಆಮೇಲೆ ಮುಚ್ಚಿ. ಲೋಕಲ್‌ನಲ್ಲಿ ಈ ತಪ್ಪು ಕಾಣಲೇ ಇಲ್ಲ.

ತಪ್ಪಾದಾಗ ಏನಾಗುತ್ತದೆ ಎಂಬುದು ನನಗೆ ಇಷ್ಟವಾದ ಭಾಗ. ಫ್ಲೈಸಿಸ್ಟಮ್‌ನ ಮೊದಲ ಆವೃತ್ತಿಯಲ್ಲಿ ಬರೆಯಲು ಆಗದಿದ್ದರೆ ಸುಮ್ಮನೆ ಫಾಲ್ಸ್ ಬರುತ್ತಿತ್ತು. 2ನೇ ಆವೃತ್ತಿಯಿಂದ ಕೆಲಸವನ್ನು ಅಲ್ಲೇ ನಿಲ್ಲಿಸುವ ಎಕ್ಸೆಪ್ಷನ್ ಬರುತ್ತದೆ. ಡೇಟಾಬೇಸ್ ಸಾಲನ್ನು ಫೈಲ್ ಬರೆದ ನಂತರವೇ ಸೇರಿಸುತ್ತೇನೆ. ಫೈಲಿಲ್ಲದ ದಾಖಲೆ ಇನ್ನು ಹುಟ್ಟುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಸಲೀಸು. ಪರೀಕ್ಷೆಗೆ ಎಂದು ಹಳೆಯ ಒಂದು ಫೋಟೋ ಏರಿಸಿದೆ. ಹೆಸರು 'ರಾಜ್‌ಕುಮಾರ್ ನೆನಪು'. ಫ್ಲೈಸಿಸ್ಟಮ್ ಅದನ್ನು ಒಪ್ಪಲೇ ಇಲ್ಲ. ದಾರಿ ಕೆಟ್ಟಿದೆ ಎಂಬ ಎಕ್ಸೆಪ್ಷನ್. ಅದೇ ಫೋಟೋಗೆ 'ಯಕ್ಷಗಾನ' ಎಂದು ಹೆಸರಿಟ್ಟರೆ ಸರಾಗ ಹೋಗುತ್ತದೆ. ಎರಡೂ ಕನ್ನಡವೇ ಅಲ್ವಾ? ಒಂದು ಗಂಟೆ ತಲೆ ಕೆಡಿಸಿಕೊಂಡು ಕೊನೆಗೆ ಲೈಬ್ರರಿಯ ಕೋಡ್ ಓದಿದೆ.

'ರಾಜ್' ಆದಮೇಲೆ 'ಕು' ಒತ್ತಕ್ಷರ ಆಗಬಾರದು ಎಂದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಅದಿಲ್ಲದಿದ್ದರೆ 'ರಾಜ್ಕುಮಾರ್' ಆಗಿಬಿಡುತ್ತದೆ. ಜೀರೋ ವಿಡ್ತ್ ನಾನ್ ಜಾಯಿನರ್ ಎನ್ನುತ್ತಾರೆ ಅದಕ್ಕೆ. ಯೂನಿಕೋಡ್ ಅದನ್ನು ಫಾರ್ಮ್ಯಾಟ್ ಗುರುತುಗಳ ಗುಂಪಿಗೆ ಸೇರಿಸಿದೆ. ಫ್ಲೈಸಿಸ್ಟಮ್ ದಾರಿಯನ್ನು ಶುದ್ಧ ಮಾಡುವಾಗ ಆ ಗುಂಪಿನ ಯಾವುದೇ ಗುರುತು ಕಂಡರೂ ತಿರಸ್ಕರಿಸುತ್ತದೆ. ಕಾಣದ ಅಕ್ಷರಗಳಿಂದ ಮೋಸ ಆಗದಿರಲಿ ಎಂಬ ಕಾವಲು ಅದು. ಆದರೆ ಕನ್ನಡದಲ್ಲಿ ಅದು ಕಾಗುಣಿತದ್ದೇ ಭಾಗ. 'ಕಾಲೇಜ್‌ನಲ್ಲಿ', 'ಮುಲುಂಡ್‌ನ' ಎಂದು ಬರೆದರೂ ಅದು ಬರುತ್ತದೆ.

ಫೈಲ್‌ಸಿಸ್ಟಮ್ ಆಬ್ಜೆಕ್ಟಿಗೆ ಮೂರನೆಯ ಆರ್ಗ್ಯುಮೆಂಟ್ ಆಗಿ ದಾರಿ ಶುದ್ಧ ಮಾಡುವ ನಮ್ಮದೇ ನಾರ್ಮಲೈಜರ್ ಕೊಡಬಹುದು. ಆ ಕಾವಲನ್ನು ತೆಗೆದುಬಿಡೋಣ ಎನಿಸಿತ್ತು. ಅಷ್ಟರಲ್ಲಿ ಇನ್ನೊಂದು ಸಮಸ್ಯೆ ಎದುರಾಯಿತು. ಡೇಟಾಬೇಸಿನ ಹೆಸರುಗಳನ್ನೂ ಲೇಖನಗಳೊಳಗೆ ಕೈಯಾರೆ ಟೈಪ್ ಮಾಡಿದ ಕೊಂಡಿಗಳನ್ನೂ ಡಿಸ್ಕಿನ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದೆ. 'ಕೋಟ ಮೇಳ' ಎಂಬ ಫೈಲ್ ಪಟ್ಟಿಯಲ್ಲಿ ಕಣ್ಣೆದುರೇ ಇದೆ, ಹುಡುಕಿದರೆ ಸಿಗುವುದಿಲ್ಲ. ಅದು ಬಂದಿದ್ದು ಸದಸ್ಯರೊಬ್ಬರ ಹಳೆಯ ಮ್ಯಾಕ್‌ನಿಂದ. 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟ್‌ಗಳಲ್ಲಿ ಒಂದು 3, ಇನ್ನೊಂದು 9. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಬಿಡಿಸಿ ಇಡುತ್ತಿದ್ದವು. ಲಿನಕ್ಸ್ ಡಿಸ್ಕಿಗೂ ಎಸ್3ಗೂ ಇವು ಬೇರೆ ಬೇರೆ ಫೈಲುಗಳು.

ಉದ್ದದ ಮಿತಿಯೂ ಇದೆ. ಲಿನಕ್ಸ್‌ನ ಎಕ್ಸ್ಟ್4 ಡಿಸ್ಕಿನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಲಕ್ಷ್ಮಿ' ಎಂಬ ಹೆಸರಿಗೇ 21 ಬೈಟ್ ಹೋಗುತ್ತದೆ. ನಮ್ಮ ಹಿರಿಯರು ಫೋಟೋಗೆ ಸಮಾರಂಭದ ಹೆಸರು, ಸ್ಥಳ, ಕುಳಿತವರ ಹೆಸರು ಎಲ್ಲ ಬರೆಯುತ್ತಾರೆ. ಅಷ್ಟು ಉದ್ದದ ಹೆಸರು ಅಲ್ಲಿ ಹಿಡಿಸುವುದಿಲ್ಲ.

ಆಗ ನಾರ್ಮಲೈಜರ್ ಮುಟ್ಟುವುದು ಬೇಡ ಎಂದು ನಿರ್ಧರಿಸಿದೆ. ಜನ ಇಟ್ಟ ಹೆಸರನ್ನು ಫೈಲಿನ ವಿಳಾಸವಾಗಿ ಬಳಸಿದ್ದೇ ತಪ್ಪು. ಈಗ ವಿಳಾಸ ಎಂದರೆ ವರ್ಷ, ಓರೆಗೆರೆ, 16 ಯಾದೃಚ್ಛಿಕ ಬೈಟ್‌ಗಳಿಂದ ಮಾಡಿದ 32 ಅಕ್ಷರ, ಕೊನೆಗೆ ಫೈಲಿನ ಒಳಗನ್ನು ನೋಡಿ ಕಂಡುಕೊಂಡ ಎಕ್ಸ್‌ಟೆನ್ಷನ್. ಕನ್ನಡ ಹೆಸರು ಡೇಟಾಬೇಸಿನಲ್ಲಿ ಇರುತ್ತದೆ. ಅದಕ್ಕೂ ಮೊದಲು ಇಂಟ್ಲ್ ಎಂಬ ಪಿಎಚ್‌ಪಿ ಎಕ್ಸ್‌ಟೆನ್ಷನ್‌ನಲ್ಲಿರುವ ಬೇರೊಂದು ನಾರ್ಮಲೈಜರ್‌ನಿಂದ ಬಿಡಿಸಿದ ಸ್ವರಗಳನ್ನು ಕೂಡಿಸುತ್ತೇನೆ. ಕೋಡ್‌ಇಗ್ನೈಟರ್ 4ಕ್ಕೆ ಇಂಟ್ಲ್ ಹೇಗೂ ಬೇಕೇ ಬೇಕು, ಹೊಸದಾಗಿ ಏನೂ ಹಾಕಬೇಕಿಲ್ಲ. ಕಾಣದ ಆ ಗುರುತನ್ನು ಮಾತ್ರ ಮುಟ್ಟುವುದಿಲ್ಲ. ಅದು ಬರೆದವರ ಕಾಗುಣಿತ.

ಡೌನ್‌ಲೋಡ್ ಮಾಡುವಾಗ ಹೆಸರು ವಾಪಸ್ ಬರಬೇಕಲ್ಲ. ಎಸ್3ಯಲ್ಲಿ 10 ನಿಮಿಷದ ತಾತ್ಕಾಲಿಕ ಕೊಂಡಿ ಮಾಡಿ, ಉತ್ತರದ ಹೆಡರಿನಲ್ಲಿ ಯುಟಿಎಫ್-8 ರೂಪದಲ್ಲಿ ಕನ್ನಡ ಹೆಸರು ಕಳಿಸುತ್ತೇನೆ. ಲೋಕಲ್ ಅಡಾಪ್ಟರಿಗೆ ತಾತ್ಕಾಲಿಕ ಕೊಂಡಿ ಮಾಡಲು ಬರುವುದಿಲ್ಲ, ಕೇಳಿದರೆ ಎಕ್ಸೆಪ್ಷನ್ ಎಸೆಯುತ್ತದೆ. ಅಲ್ಲಿ ನನ್ನದೇ ಕಂಟ್ರೋಲರ್ ಸ್ಟ್ರೀಮ್ ಓದಿ ಕಳಿಸುತ್ತದೆ. ಈ ವ್ಯತ್ಯಾಸವನ್ನು ಒಂದು ಸಣ್ಣ ಕ್ಲಾಸಿನೊಳಗೆ ಇಟ್ಟಿದ್ದೇನೆ. ಲೈಬ್ರರಿ ಎಲ್ಲವನ್ನೂ ಒಂದೇ ಥರ ಮಾಡಿಬಿಡುತ್ತದೆ ಎಂದು ನಂಬಬೇಡಿ. ಎಲ್ಲಿ ಮಾಡುವುದಿಲ್ಲ ಎಂಬುದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಇನ್ನೊಂದು ಕಡೆಯೂ ಹೀಗೇ. ಮುಖಪುಟದ ಚಿತ್ರಗಳನ್ನು 'ಪಬ್ಲಿಕ್' ಎಂದು ಬರೆಯಲು ಹೋದೆ. ಎಸ್3 ಒಪ್ಪಲಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಲ್ಲಿ ಎಸಿಎಲ್ (ಫೈಲನ್ನು ಯಾರು ನೋಡಬಹುದು ಎಂಬ ಅನುಮತಿ ಪಟ್ಟಿ) ಮುಚ್ಚಿಯೇ ಬರುತ್ತದೆ, ಫ್ಲೈಸಿಸ್ಟಮ್ ಪಬ್ಲಿಕ್ ಎಂದರೆ ಎಸಿಎಲ್ ಕಳಿಸುತ್ತದೆ. ಬಕೆಟ್ ಪೂರ್ತಿ ಖಾಸಗಿಯಾಗಿಯೇ ಇರಲಿ ಎಂದು ಬಿಟ್ಟೆ. ನಮ್ಮ ಫೋಟೋಗಳಲ್ಲಿ ಮನೆಮಂದಿ, ಮಕ್ಕಳು ಇರುತ್ತಾರೆ.

ಹಳೆಯ 19 ಜಿಬಿ ಸಾಗಿಸಲು ಕೋಡ್‌ಇಗ್ನೈಟರ್‌ನ ಕಮಾಂಡ್ ಸಾಧನವಾದ ಸ್ಪಾರ್ಕ್‌ಗೆ ಒಂದು ಕಮಾಂಡ್ ಬರೆದೆ. ಡೇಟಾಬೇಸಿನ ಒಂದೊಂದೇ ಸಾಲು ಹಿಡಿದು ಹಳೆಯ ಜಾಗದಿಂದ ಸ್ಟ್ರೀಮ್ ಓದು, ಹೊಸ ವಿಳಾಸಕ್ಕೆ ಬರೆ, ಎರಡರ ಗಾತ್ರ ಹೋಲಿಸು, ಸರಿಯಿದ್ದರೆ ಸಾಲಿಗೆ ಹೊಸ ವಿಳಾಸ ಬರೆ. ನಡುವೆ ನಿಂತರೆ ಹೊಸ ವಿಳಾಸ ಇಲ್ಲದ ಸಾಲಿನಿಂದ ಮುಂದುವರಿಯುತ್ತದೆ. ಎರಡು ರಾತ್ರಿ ಹಿಡಿಯಿತು. ಹಳೆಯ ಫೈಲುಗಳನ್ನು ಬಾಹ್ಯ ಡಿಸ್ಕಿಗೂ ನಕಲು ಮಾಡಿ, ಒಂದು ತಿಂಗಳು ಕಾದು, ಆಮೇಲೆ ಸರ್ವರಿನಿಂದ ಅಳಿಸಿದೆ.

ಟೆಸ್ಟ್‌ಗಳಿಗೆ ಮೆಮೊರಿಯಲ್ಲೇ ಫೈಲ್ ಇಡುವ ಅಡಾಪ್ಟರ್ ಬೇರೆ ಪ್ಯಾಕೇಜ್ ಆಗಿ ಸಿಗುತ್ತದೆ. ಸರ್ವಿಸಸ್‌ನ 'ಇಂಜೆಕ್ಟ್‌ಮಾಕ್' ಬಳಸಿ ನಿಜವಾದ ಸ್ಟೋರೇಜ್ ಜಾಗದಲ್ಲಿ ಅದನ್ನು ಕೂರಿಸಿದರೆ ಡಿಸ್ಕೂ ಬೇಡ, ಇಂಟರ್ನೆಟ್ಟೂ ಬೇಡ. ಠಾಣೆಯಿಂದ ಐರೋಲಿಗೆ ಹೋಗುವ ಟ್ರೇನಿನಲ್ಲಿ ಕೂತೇ ಓಡಿಸುತ್ತೇನೆ. ಅದರಲ್ಲಿ ಮೂರು ಹೆಸರುಗಳು ಖಾಯಂ: 'ರಾಜ್‌ಕುಮಾರ್ ನೆನಪು', ಸ್ವರ ಬಿಡಿಸಿ ಬರೆದ 'ಕೋಟ ಮೇಳ', ಮತ್ತೆ 300 ಬೈಟ್ ದಾಟುವ ಒಂದು ಸಮಾರಂಭದ ಶೀರ್ಷಿಕೆ.

ಥಂಬ್‌ನೇಲ್‌ಗಳು ಇನ್ನೂ ಸರ್ವರಿನ ಡಿಸ್ಕಿನಲ್ಲೇ ಇವೆ. ಚಿತ್ರ ಚಿಕ್ಕದು ಮಾಡುವ ಲೈಬ್ರರಿಗೆ ನಿಜವಾದ ಫೈಲ್ ದಾರಿಯೇ ಬೇಕು, ಸ್ಟ್ರೀಮ್ ಸಾಲುವುದಿಲ್ಲ. ತಾತ್ಕಾಲಿಕ ಫೈಲಿಗೆ ಇಳಿಸಿ, ಚಿಕ್ಕದು ಮಾಡಿ, ಮತ್ತೆ ಏರಿಸಬೇಕು. ಬರುವ ಭಾನುವಾರ ಅದನ್ನು ಹಿಡಿದುಕೊಂಡಿದ್ದೇನೆ.