ತಪ್ಪಿದ ವಾರಕ್ಕೂ ಒಂದು ಟೈಮ್ ಇಟ್ಟೆ, ಕೋರ್ಸು ಮುಗಿಯಿತು

“ಆನ್‌ಲೈನ್ ಕೋರ್ಸು ನಮ್ಮ ಹುಡುಗರಿಗೆ ಆಗೋದಲ್ಲ ಮಾರಾಯ್ರೆ” ಅಂದವರೇ ಈಗ ನನ್ನ ನೋಟ್‌ಬುಕ್ ಲೆಕ್ಕ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿರಸಿ ಕಡೆಯ ಡಿಗ್ರಿ ಕಾಲೇಜಿನ ಮೇಷ್ಟ್ರು. ಮೊದಲ ಸಲ ಎನ್‌ಪಿಟೆಲ್‌ನ (ಐಐಟಿ, ಐಐಎಸ್‌ಸಿಯವರು ನಡೆಸುವ ಆನ್‌ಲೈನ್ ಪಾಠ) 8 ವಾರದ ಕೋರ್ಸಿಗೆ ಸುಮಾರು 40 ಮಕ್ಕಳು ಸೇರಿದರು. ಸೇರೋದು ಪುಕ್ಕಟೆ, ಅಲ್ವಾ. 1000 ರೂಪಾಯಿ ಕಟ್ಟಿ, ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದವರು ಐದೋ ಆರೋ. ಮರುವರ್ಷ ಅರ್ಧ ಫೀಸು ನಾನೇ ಕೊಟ್ಟೆ. ಕೈಯಿಂದ 7,000 ಹತ್ತಿರ ಹೋಯಿತು. ದಿನಾ ವಾಟ್ಸ್‌ಆಪ್‌ನಲ್ಲಿ ನೆನಪಿಸಿದೆ. “ಓಕೆ ಸರ್” ಬರುತ್ತಿತ್ತು, ವಾರವಾರದ ಅಸೈನ್‌ಮೆಂಟ್ ಹೋಗುತ್ತಿರಲಿಲ್ಲ. ಅಷ್ಟರಲ್ಲಿ 2024ರ ಮಾರ್ಚಿನ ಮಾರಿಕಾಂಬಾ ಜಾತ್ರೆ ಬಂತು. ಆಗ ಬಿಟ್ಟವರು ತಿರುಗಿ ಬರಲೇ ಇಲ್ಲ.

ಒಬ್ಬಳು ಹೇಳಿದ ಮಾತು ತಲೆಯಲ್ಲಿ ಕೂತಿತು: “ಸರ್, ಒಂದು ವಾರ ತಪ್ಪಿದ್ರೆ ಎಲ್ಲಾ ಮುಗೀತು ಅನ್ಸತ್ತೆ.” ಎಂಟರಲ್ಲಿ ಒಳ್ಳೆಯ ಆರು ಅಸೈನ್‌ಮೆಂಟ್ ಅಷ್ಟೇ ಲೆಕ್ಕಕ್ಕೆ ಅಂತ ಅವಳಿಗೆ ಗೊತ್ತಿತ್ತು. ಆದರೂ ಬಿಟ್ಟಿದ್ದಳು.

ಮೂರನೇ ಸಲ ಎಲ್ಲರಿಗೂ 20 ರೂಪಾಯಿಯ ನೋಟ್‌ಬುಕ್ ಕೊಟ್ಟೆ. ಭಾನುವಾರ, ಆ ವಾರ ಯಾವಾಗ, ಎಲ್ಲಿ ಕೂತು ಪಾಠ ನೋಡುವುದು ಅಂತ ಬರೆಯಬೇಕು. ‘ಬುಧವಾರ ನೋಡ್ತೇನೆ’ ಅಂದರೆ ಒಪ್ಪುವುದಿಲ್ಲ. ‘ಮಂಗಳವಾರ ಸಂಜೆ 5ಕ್ಕೆ, ಬೆಟ್ಟದ ಮುರುಗಲ ಮರದ ಹತ್ತಿರ’ ಅಂತ ಬರೆಯಬೇಕು. ನೆಟ್‌ವರ್ಕ್ ಸಿಗೋದು ಅಲ್ಲೇ. ಇನ್ನೊಂದು, ಎರಡು ‘ರಜೆ ವಾರ’ ಮೊದಲೇ ಗುರುತಿಸಬೇಕು. ಅಡಿಕೆ ಕೊಯ್ಲು, ಮನೆ ಮದುವೆ, ಏನೇ ಇರಲಿ. ಪಕ್ಕದಲ್ಲೇ ಮತ್ತೆ ಪಾಠಕ್ಕೆ ಕೂರುವ ದಿನ, ಟೈಮ್ ಬರೆಯಬೇಕು. ಶನಿವಾರ ನೋಡುತ್ತೇನೆ. ಬೈಯುವುದಿಲ್ಲ, ಮಾರ್ಕು ಕೊಡುವುದೂ ಇಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ರಾತ್ರಿ ಅಡಿಕೆ ಸುಲಿಯುವಾಗ ಇಯರ್‌ಫೋನ್‌ನಲ್ಲಿ ಪಾಠ ಕೇಳಿ ಅಂದೆ. ನೋಡಿದ ಪಾಠ ಇನ್ನೊಮ್ಮೆ ಕೇಳಲು ಚಲೋ ಆಯಿತು. ಹೊಸ ಪಾಠ ತಲೆಗೆ ಹತ್ತಲಿಲ್ಲ. ಒಬ್ಬನ ಬೆರಳು ಮೆಟ್ಟುಗತ್ತಿಗೆ ತಾಗಿತು, ಅವತ್ತೇ ನಿಲ್ಲಿಸಿದೆ.

ಆ ಸಲ 32 ಮಕ್ಕಳಲ್ಲಿ 23 ಜನ ಪರೀಕ್ಷೆ ಬರೆದರು, ಇಪ್ಪತ್ತರ ಹತ್ತಿರ ಪಾಸು. ಫೀಸು ಅವರವರದ್ದೇ. ನನ್ನ ಖರ್ಚು 640 ರೂಪಾಯಿ. ಹಿಂದೆ ಬಿಟ್ಟುಹೋಗಿದ್ದ ಆ ಹುಡುಗಿಯೂ ಪಾಸು. ಅವಳ ನೋಟ್‌ಬುಕ್ಕಿನಲ್ಲಿ ಐದನೇ ವಾರ ಹೀಗಿದೆ: ‘ಆಗ್ಲಿಲ್ಲ. ಸೋಮವಾರ ಬೆಳಿಗ್ಗೆ 5:30, ಜಗಲಿ.’ ಕೆಳಗೆ ಬೇರೆ ಪೆನ್ನಿನಲ್ಲಿ, ‘ಕೂತೆ.’

ಈ ಸಲ 12 ವಾರದ್ದು ಹಿಡಿದಿದ್ದೇವೆ. ಅಲ್ಲಿ ಹನ್ನೆರಡರಲ್ಲಿ ಒಳ್ಳೆಯ ಎಂಟು ಅಸೈನ್‌ಮೆಂಟ್ ಲೆಕ್ಕಕ್ಕೆ. ನಾಲ್ಕು ರಜೆ ವಾರ ಕೊಡಬಹುದು, ಆದರೆ ನಾನು ಮೂರೇ ಕೊಟ್ಟಿದ್ದೇನೆ. ಕರೆಂಟ್ ಹೋದ ವಾರಕ್ಕೆ ಒಂದು ಕೈಯಲ್ಲಿರಬೇಕು.